ಕಿಟಕಿಗೆ ಬೆನ್ನು ಕೊಟ್ಟು ನಿಂತವಳು

ಲಂಡನ್ನಿನ ಕೆಂಟನ್ ಬಡಾವಣೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಯಾರಾದರೂ ನೆಮ್ಮದಿಯಾಗಿ ಕೂತು ಚಹಾ ಕುಡಿದದ್ದು ನನಗೆ ನೆನಪಿಲ್ಲ. ಹೆಸರಿಗೆ ಅದು ಕೂರುವ ಕೋಣೆ, ನಿಜದಲ್ಲಿ ಫೋಟೋ ತೆಗೆಯುವ ಕೋಣೆ. ಬೀದಿಯ ಕಡೆಗೆ ಉಬ್ಬಿಕೊಂಡ ದೊಡ್ಡ ಕಿಟಕಿ, ಅದಕ್ಕೆ ತೆಳ್ಳನೆಯ ಬಿಳಿ ಪರದೆ, ಪರದೆಯಾಚೆ ಎದುರು ಸಾಲಿನ ಕೆಂಪು ಹೆಂಚಿನ ಮನೆಗಳು, ಮೂಲೆಯಲ್ಲೊಂದು ಕೆಂಪು ಅಂಚೆ ಡಬ್ಬ. ಕಿಟಕಿಗೆ ಅಡ್ಡ ಬರಬಾರದೆಂದು ಸೋಫಾವನ್ನು ಗೋಡೆಗೆ ಒತ್ತಿ ಇಟ್ಟಿದ್ದರು. ಅದರಲ್ಲಿ ಕೂತವರಿಗೆ ಟೀವಿಯೂ ಕಾಣುತ್ತಿರಲಿಲ್ಲ, ಎದುರಿಗೆ ಕೂತವರ ಮುಖವೂ ಕಾಣುತ್ತಿರಲಿಲ್ಲ. ಹಾಗಾಗಿ ಬಂದವರೆಲ್ಲ ಹಿಂದಿನ ಅಡುಗೆಮನೆಗೇ ನುಗ್ಗಿ ಸ್ಟೂಲ್ ಎಳೆದುಕೊಳ್ಳುತ್ತಿದ್ದರು. ಇಷ್ಟೆಲ್ಲ ಪೀಕಲಾಟಕ್ಕೆ ಕಾರಣ ಧಾರವಾಡದ ಮಾಳಮಡ್ಡಿಯಲ್ಲಿದ್ದ ನನ್ನ ಅಜ್ಜಿ, ಅಮ್ಮನ ತಾಯಿ. ನಾವು ಆ ಮನೆಗೆ ಬಂದ ಹೊಸತರಲ್ಲಿ ಅವಳು ಫೋನಿನಲ್ಲಿ ಒಂದು ಮಾತು ಕೇಳಿದ್ದಳಂತೆ.

"ವಸೂ, ನಿಮ್ಮ ಮನಿ ಕಿಡಕ್ಯಾಗಿಂದ ಏನ ಕಾಣತದ? ಒಂದು ಫೋಟೋ ಕಳಸು. ನೀ ಎಲ್ಲೆ ನಿಂತೀ ಅನ್ನೂದು ನನಗ ಗೊತ್ತಾಗಬೇಕು."

ಅಷ್ಟೇ. ಅಂದಿನಿಂದ ಅಮ್ಮ ಆ ಕಿಟಕಿಯ ಮುಂದೆ ನಿಂತಳು. ಬೆನ್ನು ಕಿಟಕಿಗೆ, ಮುಖ ನಮಗೆ, ಎಡಗೈ ಎತ್ತಿ ಪರದೆಯನ್ನು ಒಂದು ಕಡೆ ಸರಿಸಿ ಹಿಡಿದಿರಬೇಕು, ಹೊರಗಿನ ಬೀದಿ ಕಾಣಬೇಕಲ್ಲ. ದೀಪಾವಳಿಗೆ ಹೊಸ ಸೀರೆ ಉಟ್ಟಾಗ ಅಲ್ಲಿ, ಸಂಕ್ರಾಂತಿಗೆ ಅಲ್ಲಿ, ಯಾವಾಗಲಾದರೂ ಹಿಮ ಬಿದ್ದರಂತೂ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಅಲ್ಲಿ. ಪಕ್ಕದಲ್ಲಿ ನಾನು ನಿಂತರೂ ನಡೆಯುತ್ತಿತ್ತು, ನಿಲ್ಲದಿದ್ದರೂ ನಡೆಯುತ್ತಿತ್ತು. ಅಮ್ಮ ಮತ್ತು ಕಿಟಕಿ ಮಾತ್ರ ತಪ್ಪುವಂತಿರಲಿಲ್ಲ.

ಕ್ಯಾಮೆರಾ ಅಪ್ಪನದು. ಅಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಅರಿವಳಿಕೆಯ ಡಾಕ್ಟರ್. ಅವಳಿಗೆ ಕೆಲಸ ಸಿಕ್ಕಿತೆಂದೇ ನಾವು ಲಂಡನ್ನಿಗೆ ಬಂದದ್ದು. ಅಪ್ಪ ಅವಳ ಹಿಂದೆ ಬಂದು, ಆಮೇಲೆ ಕೌನ್ಸಿಲ್‌ನಲ್ಲಿ ರಸ್ತೆ ರಿಪೇರಿಯ ಇಂಜಿನಿಯರ್ ಆದವರು. ಮನೆಗೆ ಬಂದ ಪ್ರತಿಯೊಂದು ಯಂತ್ರದ ಕೈಪಿಡಿಯನ್ನೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವ ಮನುಷ್ಯ, ಓದಿ ಮುಗಿಸಿ ಅದರ ಯಾವ ಗುಂಡಿಯನ್ನೂ ಬದಲಿಸದ ಮನುಷ್ಯ ಕೂಡ. ಆ ಕ್ಯಾಮೆರಾದ ತಲೆಯ ಮೇಲೊಂದು ತಿರುಗಣೆ ಇತ್ತು. ಪಿ ಅಂದರೆ ಎಲ್ಲ ಲೆಕ್ಕ ಕ್ಯಾಮೆರಾದ್ದೇ: ಒಳಗೆ ಎಷ್ಟು ಬೆಳಕು ಬಿಡಬೇಕು, ಎಷ್ಟು ಹೊತ್ತು ಬಿಡಬೇಕು ಎರಡನ್ನೂ ಅದೇ ನಿರ್ಧರಿಸುತ್ತದೆ. ಎ ಗೆ ತಿರುಗಿಸಿದರೆ ಒಳಗಿನ ಕಿಂಡಿ ಎಷ್ಟು ತೆರೆಯಬೇಕೆಂದು ನೀವು ಹೇಳುತ್ತೀರಿ, ಹೊತ್ತನ್ನು ಅದು ನೋಡಿಕೊಳ್ಳುತ್ತದೆ. ಎಸ್ ಗೆ ತಿರುಗಿಸಿದರೆ ಹೊತ್ತು ನಿಮ್ಮದು, ಕಿಂಡಿ ಅದರದು. ಎಂ ಅಂದರೆ ಎರಡೂ ನಿಮ್ಮ ಹಣೆಬರಹ. ಅಪ್ಪ ಇದನ್ನೆಲ್ಲ ಊಟದ ಹೊತ್ತಿಗೆ ನಮಗೆ ಪಾಠ ಮಾಡುತ್ತಿದ್ದರು, ಆದರೆ ಅವರ ಕೈಯಲ್ಲಿ ಆ ತಿರುಗಣೆ ಪಿ ಬಿಟ್ಟು ಅಲ್ಲಾಡಿದ್ದನ್ನು ನಾನು ಕಂಡಿಲ್ಲ.

"ಜಪಾನಿನವರು ಅಷ್ಟು ತಲಿ ಖರ್ಚ ಮಾಡಿ ಮಾಡ್ಯಾರ. ನಡುವ ನಂದೇನು ಶಾಣ್ಯಾತನ?"

ಜೂಮ್ ಕಥೆಯೂ ಅದೇ. ಲೆನ್ಸನ್ನು ಒಂದು ಕಡೆ ತಿರುಗಿಸಿದರೆ ಇಡೀ ಕೋಣೆ ಒಳಗೆ ಬರುತ್ತಿತ್ತು, ಇನ್ನೊಂದು ಕಡೆ ತಿರುಗಿಸಿದರೆ ಕೂತಲ್ಲಿಂದಲೇ ಮುಖ ಹತ್ತಿರ ಬರುತ್ತಿತ್ತು. ಅಪ್ಪ ಅದನ್ನು ಅಗಲದ ತುದಿಗೆ ತಿರುಗಿಸಿ, ಅಷ್ಟಕ್ಕೂ ಸಮಾಧಾನವಾಗದೆ ಹಿಂದೆ ಹಿಂದೆ ನಡೆದು, ಬೆನ್ನು ಬೀರುವಿಗೆ ಬಡಿದ ಮೇಲೆ ನಿಲ್ಲುತ್ತಿದ್ದರು. ಪರದೆಯ ಕಡ್ಡಿ ಬರಬೇಕು, ಕಿಟಕಿಯ ಎರಡೂ ಪಕ್ಕ ಬರಬೇಕು, ಕಾರ್ಪೆಟ್ ಬರಬೇಕು, ಹೊಸ ಲ್ಯಾಂಪ್ ಬಂದರೆ ಒಳ್ಳೆಯದು. ಫಲ ಏನಾಗಬೇಕೋ ಅದೇ ಆಗುತ್ತಿತ್ತು. ಕಿಟಕಿ ಝಗಝಗ, ಬೀದಿ ಸ್ಪಷ್ಟ, ಅಂಚೆ ಡಬ್ಬದ ಕೆಂಪು ಕೂಡ ಸ್ಪಷ್ಟ, ನಡುವೆ ಅಮ್ಮನ ಆಕಾರದ ಒಂದು ಕಪ್ಪು. ಹೊರಗಿನ ಬೆಳಕನ್ನು ನೋಡಿ ಬೆದರಿದ ಕ್ಯಾಮೆರಾ ಒಟ್ಟು ಬೆಳಕನ್ನೇ ತಗ್ಗಿಸಿಬಿಡುತ್ತಿತ್ತು, ಅಮ್ಮನ ಮುಖ ಅದರ ಲೆಕ್ಕಕ್ಕೇ ಬರುತ್ತಿರಲಿಲ್ಲ. ಫಿಲ್ಮ್ ತೊಳೆಸಲು ಕೊಡುತ್ತಿದ್ದ ಅಂಗಡಿಯವರು ಇಂಥ ಫೋಟೋಗಳ ಮೇಲೆ ಒಂದು ಪುಟ್ಟ ಸ್ಟಿಕರ್ ಅಂಟಿಸಿ ಕೊಡುತ್ತಿದ್ದರು, ಬೆಳಕು ಹಿಂದಿನಿಂದ ಬಂದಿದೆ, ಮುಂದಿನ ಸಲ ಫ್ಲ್ಯಾಶ್ ಬಳಸಿ ಅಂತ. ಅಪ್ಪನಿಗೆ ಆ ಸ್ಟಿಕರ್ ಕಂಡರೆ ಮೈಯೆಲ್ಲ ಉರಿ. ಇವರ್ಯಾರು ನನಗೆ ಹೇಳಲಿಕ್ಕೆ ಎಂದು ಗೊಣಗುತ್ತ ಉಗುರಿನಿಂದ ಕೆರೆದು ಕೆರೆದು ಕಿತ್ತು, ಧಾರವಾಡದ ಲಕೋಟೆಗೆ ಹಾಕುತ್ತಿದ್ದರು. ಹತ್ತಿರದ ರೇನರ್ಸ್ ಲೇನ್‌ನಿಂದ ಬರುತ್ತಿದ್ದ ಜಯಾ ಆಂಟಿ, ಮೈಸೂರಿನವರು, ಅಮ್ಮನ ಆಸ್ಪತ್ರೆಯಲ್ಲೇ ಡಾಕ್ಟರ್, ನಮ್ಮ ಆಲ್ಬಮ್ ತಿರುವಿಹಾಕಿ ಒಂದು ಸಲ ಅಂದೇಬಿಟ್ಟರು.

"ಅಲ್ಲಾ ಕಣ್ರೀ, ನೀವು ಕಿಟಕಿ ಫೋಟೋ ತೆಗೆದಿದೀರೋ, ಹೆಂಡ್ತಿ ಫೋಟೋನೋ? ವಸುಧಾ ಎಲ್ರೀ ಇದರಲ್ಲಿ?"

"ಅಕಿ ಮುಖಾ ಅವರವ್ವಗ ಗೊತ್ತೇ ಅದಲ್ಲ," ಅಂದರು ಅಪ್ಪ. "ಮನಿ ಗೊತ್ತಿಲ್ಲ."

ಅಮ್ಮ ಅಡುಗೆಮನೆಯಿಂದ ನಕ್ಕಳು. ಆ ನಗು ನನಗೆ ಇನ್ನೂ ಕೇಳುತ್ತದೆ. ರೊಟ್ಟಿ ಬಡಿಯುವಾಗ ಅವಳು ನಕ್ಕರೆ ಬಡಿತದ ಲಯ ತಪ್ಪುತ್ತಿತ್ತು. ಅಜ್ಜಿ ಕಳಿಸುತ್ತಿದ್ದ ಹಸಿರು ಗಾಜಿನ ಬಳೆಗಳು ಅವಳ ಕೈಗೆ ಎಷ್ಟು ಬಿಗಿ ಅಂದರೆ ಸೋಪಿನ ನೀರು ಹಚ್ಚಿ ಏರಿಸಬೇಕಿತ್ತು. ಆಸ್ಪತ್ರೆಗೆ ಬಳೆ ನಡೆಯುವುದಿಲ್ಲ, ಹಾಗಾಗಿ ಹಬ್ಬಕ್ಕೂ ಫೋಟೋಕ್ಕೂ ಮಾತ್ರ ಆ ಕಸರತ್ತು. ಬಳೆ ಏರಿಸುವಾಗ ಅಯ್ಯಯ್ಯೋ ಅಂತ ಅವಳು, ಕೈ ಸಡಲ ಬಿಡು ಅಂತ ಅಪ್ಪ, ಸಿಂಕಿನಲ್ಲಿ ನೊರೆ. ಘಮಗುಟ್ಟುವ ಆ ನೊರೆ, ಅವಳ ದುಂಡು ತೋಳು, ನಮ್ಮ ಮನೆಯ ಹಬ್ಬ ಅಂದರೆ ನನಗೆ ಇಷ್ಟೇ.

ನಾನು ಆಗ ಕನ್ನಡ ಅರ್ಥ ಮಾಡಿಕೊಳ್ಳುತ್ತಿದ್ದೆ, ಆಡುತ್ತಿರಲಿಲ್ಲ. ಅಮ್ಮ ಕನ್ನಡದಲ್ಲಿ ಕೇಳಿದರೆ ನಾನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದೆ, ಇಬ್ಬರಿಗೂ ಅದು ಸಹಜವಾಗಿತ್ತು. ಭಾನುವಾರ ಬೆಳಿಗ್ಗೆ ಅಜ್ಜಿಯ ಫೋನಿನ ಹೊತ್ತು ಮಾತ್ರ ನನಗೆ ಸಂಕಟ. ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಹೂಂ ಅಜ್ಜಿ, ಊಟ ಆತು ಅಜ್ಜಿ, ಸಾಲಿಗೆ ಹೋಗತೀನಿ ಅಜ್ಜಿ, ಇಷ್ಟು ಹೇಳಿ ಬಿಸಿ ಪಾತ್ರೆ ಹಿಡಿದವಳಂತೆ ರಿಸೀವರನ್ನು ಅಮ್ಮನ ಕೈಗೆ ದಾಟಿಸುತ್ತಿದ್ದೆ.

ಶಾಲೆಯಲ್ಲಿ ಚಿತ್ರಕಲೆಯ ಮೇಷ್ಟ್ರು ಮಧ್ಯಾಹ್ನದ ಬಿಡುವಿನಲ್ಲಿ ಫೋಟೋ ತೆಗೆಯುವುದನ್ನು ಕಲಿಸುತ್ತಿದ್ದರು. ಕ್ಯಾಮೆರಾ ಬುದ್ಧಿವಂತ ಯಂತ್ರ ಅಂದುಕೊಳ್ಳಬೇಡಿ, ಅದಕ್ಕೆ ಜಗತ್ತೆಲ್ಲ ಬೂದು ಬಣ್ಣ ಎಂಬ ಒಂದೇ ನಂಬಿಕೆ ಎಂದು ಅವರು ಮೊದಲ ದಿನವೇ ಹೇಳಿದರು. ಹಿಮ ತೋರಿಸಿದರೆ ಹಿಮವನ್ನು ಬೂದು ಮಾಡುತ್ತದೆ, ಕರಿ ಬೆಕ್ಕು ತೋರಿಸಿದರೆ ಅದನ್ನೂ ಬೂದು ಮಾಡುತ್ತದೆ. ಕಿಟಕಿಯ ಮುಂದೆ ಮನುಷ್ಯರಿದ್ದರೆ ಏನು ಮಾಡಬೇಕು ಎಂದು ನಾನು ಕೇಳಿದೆ. ಅವರು ನನಗೊಂದು ಉಪಾಯ ಕಲಿಸಿದರು. ಜೂಮ್ ತಿರುಗಿಸಿ ಮುಖವೊಂದೇ ತುಂಬುವಷ್ಟು ಹತ್ತಿರ ಹೋಗು. ಆಗ ಕ್ಯಾಮೆರಾಕ್ಕೆ ಬೇರೇನೂ ಕಾಣುವುದಿಲ್ಲ, ಮುಖದ ಬೆಳಕನ್ನೇ ಅಳೆಯುತ್ತದೆ. ಹೆಬ್ಬೆರಳಿನ ಹತ್ತಿರ ಒಂದು ಗುಂಡಿ ಇರುತ್ತದೆ, ಅದನ್ನು ಒತ್ತಿ ಹಿಡಿದರೆ ಆ ಅಳತೆ ಅಲ್ಲೇ ನಿಲ್ಲುತ್ತದೆ. ಗುಂಡಿ ಬಿಡದೆ ಜೂಮನ್ನು ಮತ್ತೆ ಅಗಲಕ್ಕೆ ತಾ, ಆಮೇಲೆ ತೆಗೆ. ಮುಖ ಬರುತ್ತದೆ, ಆದರೆ ಕಿಟಕಿ ಬೆಳ್ಳಗೆ ಸುಟ್ಟು ಹೋಗುತ್ತದೆ. ಎರಡರಲ್ಲಿ ಯಾವುದು ಬೇಕೆಂದು ನೀನು ತೀರ್ಮಾನ ಮಾಡಬೇಕು.

ಆ ಸಲದ ದೀಪಾವಳಿಗೆ ಅಪ್ಪ ಪಟಾಕಿ ಹುಡುಕಿಕೊಂಡು ನಮ್ಮವರ ಅಂಗಡಿಗಳಿದ್ದ ವೆಂಬ್ಲಿಗೆ ಹೋಗಿದ್ದರು. ಅಮ್ಮ ಜಂಬು ನೇರಳೆ ಬಣ್ಣದ ಇಳಕಲ್ ಸೀರೆ ಉಟ್ಟು, ಬಳೆ ಏರಿಸಿಕೊಂಡು, ಎಂದಿನಂತೆ ಪರದೆ ಹಿಡಿದು ನಿಂತಳು. ನಾನು ಜೂಮ್ ತಿರುಗಿಸಿದೆ. ಅಮ್ಮ ಸರ್ರನೆ ನನ್ನ ಕಣ್ಣಿನ ಹತ್ತಿರ ಬಂದಳು. ಅಷ್ಟು ಹತ್ತಿರದಿಂದ ಅವಳನ್ನು ನಾನು ನೋಡಿಯೇ ಇರಲಿಲ್ಲ. ಹುಬ್ಬಿನ ನಡುವೆ ಒಂದು ಹಳೆಯ ಗಾಯದ ಗೀರು, ಮೂಗುತಿಯ ಕೆಳಗೆ ಸಣ್ಣ ನೆರಳು, ಮೇಲ್ತುಟಿಯ ಮೇಲೆ ಬೆವರು. ಗುಂಡಿ ಒತ್ತಿ ಹಿಡಿದು, ಜೂಮನ್ನು ಮತ್ತೆ ಅಗಲಕ್ಕೆ ತಂದು, ತೆಗೆದೆ. ಫೋಟೋ ತೊಳೆದು ಬಂದಾಗ ಅದರ ಮೇಲೆ ಸ್ಟಿಕರ್ ಇರಲಿಲ್ಲ. ಅಮ್ಮನ ಮುಖ ಇತ್ತು. ಹಿಂದೆ ಕಿಟಕಿ ಇದ್ದ ಜಾಗದಲ್ಲಿ ಬರೀ ಬಿಳುಪು. ಅಪ್ಪನಿಗೆ ಗಾಬರಿ.

"ಬೀದಿ ಎಲ್ಲೆ ಹೋತು? ಏ ಶಾಲೂ, ಎದರಿನ ಮನಿ ಎಲ್ಲಾ ಎಲ್ಲೆ ಹೋದ್ವು? ನೀ ತಿರುಗಣಿ ಮುಟ್ಟಿ ಹೌದಲ್ಲ?"

ಅಮ್ಮ ಅಡುಗೆಮನೆಯಿಂದ ಬಂದಳು. ಕೈಯಲ್ಲಿ ಹಿಟ್ಟಿತ್ತು, ಹಾಗೇ ಬಗ್ಗಿ ಬಹಳ ಹೊತ್ತು ನೋಡಿದಳು.

"ನಾ ನಮ್ಮವ್ವನಂಗ ಕಾಣ್ಲಿಕತ್ತೀನಲ್ಲ," ಅಂದಳು ಕೊನೆಗೆ. "ಯಾವಾಗಿಂದ?"

ಅಜ್ಜಿ ಅದನ್ನು ಕಟ್ಟು ಹಾಕಿಸಿದಳೆಂದು ಭಾನುವಾರದ ಫೋನಿನಲ್ಲಿ ತಿಳಿಯಿತು. ತೆಗೆದದ್ದು ಶಾಲು ಅಂತ ಅಮ್ಮ ಹೇಳಿದಾಗ, ಈಗ ಬಂದಳು ನೋಡು ನನ್ನ ಮಗಳು ಅಂದಳಂತೆ. ಅಪ್ಪ ಒಂದು ವಾರ ನನ್ನ ಹತ್ತಿರ ಕ್ಯಾಮೆರಾ ಮಾತು ಆಡಲಿಲ್ಲ.

ಅಮ್ಮನಿಗೆ ಕಾಯಿಲೆ ಎಂದು ಗೊತ್ತಾದದ್ದು ಮುಂದಿನ ಬೇಸಿಗೆಯಲ್ಲಿ. ಹೊಟ್ಟೆಯೊಳಗಿನ ಗಡ್ಡೆ, ತಡವಾಗಿ ಕಂಡದ್ದು. ಅವಳೇ ಡಾಕ್ಟರಾದ್ದರಿಂದ ಅವಳಿಗೆ ಯಾರೂ ಏನನ್ನೂ ಮೆತ್ತಗೆ ಹೇಳಬೇಕಾಗಿರಲಿಲ್ಲ. ನಮಗೆ ಅವಳೇ ಹೇಳಿದಳು, ಅಡುಗೆಮನೆಯಲ್ಲಿ, ಅನ್ನಕ್ಕೆ ಮೊಸರು ಕಲಸುತ್ತ. ಹೇಳಿ ಮುಗಿಸಿ, ಅವ್ವನಿಗೆ ತಿಳಿಸಕೂಡದು ಅಂದಳು. ಅಜ್ಜಿಗೆ ಎದೆಯ ತೊಂದರೆ ಇತ್ತು, ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವುದೇ ಅವಳಿಗೆ ದೊಡ್ಡ ಪ್ರಯಾಣ. ಚಿಕಿತ್ಸೆ ಬಿಟ್ಟು ಅಮ್ಮ ಹೋಗುವಂತಿರಲಿಲ್ಲ. ಅಪ್ಪ ಆ ದಿನ ಏರಿಸಿದ ದನಿಯನ್ನು ನಾನು ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

"ಹಡದಾಕಿಗೆ ಹೇಳೂದಿಲ್ಲೇನು? ಇದ್ಯಾವ ನ್ಯಾಯ ವಸೂ? ನಾಳೆ ಅವರು ನನಗ ಕೇಳಿದ್ರ ಏನ ಹೇಳಲಿ?"

"ತಿಳದು ಏನ ಮಾಡ್ಯಾಳ್ರಿ ಅಕಿ? ಬರಲಿಕ್ಕಾಗೂದಿಲ್ಲ. ಕೂತು ಸುಟಗೋತಾಳ. ನೋವು ಗೊತ್ತಾಗಧಂಗ ನೋಡಿಕೊಳ್ಳೂದ ನನ್ನ ಕೆಲಸ. ಇಷ್ಟು ವರ್ಷ ಕಂಡವರಿಗೆಲ್ಲಾ ಮಾಡೀನಿ. ನಮ್ಮವ್ವಗ ಮಾಡಬಾರದೇನು?"

ಅಪ್ಪ ತಟ್ಟೆ ಬಿಟ್ಟು ಎದ್ದು ಹಿತ್ತಲಿಗೆ ಹೋದರು. ಅಮ್ಮ ಕಲಸಿದ ಮೊಸರನ್ನವನ್ನು ನನ್ನ ತಟ್ಟೆಗೆ ಹಾಕಿದಳು, ನಾನು ತಿಂದೆ. ಅಂಥ ಹೊತ್ತಲ್ಲೂ ಹಸಿವಾಗಿತ್ತು ಎಂಬುದು ನನಗೆ ಈಗಲೂ ಸೋಜಿಗ.

ಆದರೆ ಅಜ್ಜಿ ಫೋಟೋ ಕೇಳುವುದನ್ನು ಬಿಡಲಿಲ್ಲ. ಈ ವರ್ಷ ರಜೆಗೆ ಬರುತ್ತಿಲ್ಲ, ಕೆಲಸ ಜಾಸ್ತಿ ಎಂದು ಅಮ್ಮ ಹೇಳಿದ ಮೇಲಂತೂ ಪ್ರತಿ ಭಾನುವಾರ ಅದೇ ಮಾತು. ಫೋನಿನಲ್ಲಿ ದನಿಯನ್ನು ಅಮ್ಮ ಹೇಗೋ ಸಂಭಾಳಿಸುತ್ತಿದ್ದಳು. ದನಿ ಯಾಕ ಸಣ್ಣಾಗೇದ ಅಂತ ಅಜ್ಜಿ ಕೇಳಿದರೆ, ಥಂಡಿ ಅವ್ವಾ, ಇಲ್ಲೆ ಬಾರಾ ತಿಂಗಳೂ ಥಂಡಿ ಅನ್ನುತ್ತಿದ್ದಳು. ಮುಖವನ್ನು ಏನು ಮಾಡುವುದು? ಕೂದಲು ಉದುರಿತ್ತು, ಹುಬ್ಬು ಉದುರಿತ್ತು, ಕೆನ್ನೆ ಒಳಗೆ ಹೋಗಿತ್ತು. ಒಂದು ದಿನ ಶಾಲೆಯಿಂದ ಬಂದಾಗ ಅಮ್ಮ ಮುಂದಿನ ಕೋಣೆಯಲ್ಲಿ ಕೂತಿದ್ದಳು, ಮಡಿಲಲ್ಲಿ ಕ್ಯಾಮೆರಾ.

"ಶಾಲೂ, ಪಿ ಮ್ಯಾಲೆ ಇಟ್ರ ಮುಖಾ ಪೂರ್ತಿ ಕಪ್ಪಾಗಿ ಬರತದಲ್ಲ? ನಿಮ್ಮಪ್ಪ ತಗೀತಿದ್ರಲ್ಲ, ಹಂಗ?"

"ಯಾ. ಬಟ್ ಐ ಕೆನ್ ಫಿಕ್ಸ್ ಇಟ್, ಅಮ್ಮ."

"ಬ್ಯಾಡ. ಫಿಕ್ಸ್ ಮಾಡಬ್ಯಾಡ. ಹಂಗ ಬರಬೇಕು ನನಗ."

ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅಜ್ಜಿಗೆ ಬೀದಿ ಕಾಣಬೇಕು, ಅಮ್ಮನ ಮುಖ ಕಾಣಬಾರದು. ಕಪ್ಪು ಆಕಾರ ಅಂದರೂ ಆಕಾರ ಸರಿಯಿರಬೇಕಲ್ಲ. ಜಯಾ ಆಂಟಿ ವೆಂಬ್ಲಿಯ ಅಂಗಡಿ ಬೀದಿಯಿಂದ ಉದ್ದನೆಯ ಚೌರಿ ತಂದರು, ಮದುವೆ ಮುಂಜಿಗಳಲ್ಲಿ ಮೋಟು ಜಡೆಗೆ ಸೇರಿಸಿ ಹೆಣೆಯುತ್ತಾರಲ್ಲ, ಅದು. ಅಮ್ಮನ ತಲೆಗೆ ಕಪ್ಪು ಬಟ್ಟೆ ಬಿಗಿದು, ಅದಕ್ಕೆ ಚೌರಿಯನ್ನು ಪಿನ್ ಹಾಕಿ ಕೂರಿಸಿ, ಭುಜದ ಮೇಲಿಂದ ಮುಂದಕ್ಕೆ ಬಿಟ್ಟರು. ಕಿಟಕಿಯ ಎದುರು ಅದು ಅಮ್ಮನ ಜಡೆಯೇ. ಮೈ ದಪ್ಪ ಕಾಣಲೆಂದು ಸೀರೆಯ ಒಳಗೆ ಸ್ವೆಟರ್. ಆಂಟಿ ಬಾಗಿ ಪಿನ್ ಹಾಕುತ್ತ, ಸುಮ್ಮನೆ ಏನಾದರೂ ಮಾತಾಡುತ್ತಲೇ ಇದ್ದರು.

"ಏನೇ ವಸುಧಾ, ಮದುಮಗಳ ಥರ ಕಾಣ್ತಿದ್ದೀಯಲ್ಲೇ. ನನ್ನ ಮದ್ವೇಲೂ ಇಷ್ಟು ಉದ್ದ ಜಡೆ ಇರ್ಲಿಲ್ಲ ನಂಗೆ."

"ಹಿಂದಿನಿಂದ ನೋಡಿದ್ರ ಮದುಮಗಳು," ಅಂದಳು ಅಮ್ಮ. "ಮುಂದಿನಿಂದ ನೋಡಬ್ಯಾಡ್ರಿ."

ಆಂಟಿ ನಕ್ಕರು, ಆಮೇಲೆ ನೀರು ಕುಡಿಯುವ ನೆಪ ಮಾಡಿ ಅಡುಗೆಮನೆಗೆ ಹೋದರು. ಅಮ್ಮ ಕೊನೆಗೆ ಹಸಿರು ಬಳೆಗಳನ್ನು ಕೇಳಿದಳು. ಫೋಟೋ ಅಂದರೆ ಬಳೆ ಇರಲೇಬೇಕಲ್ಲ. ಈ ಸಲ ಸೋಪು ಬೇಕಾಗಲಿಲ್ಲ. ಪುಸಕ್ಕನೆ ಒಳಗೆ ಹೋದವು. ಅದನ್ನು ನಾವೆಲ್ಲ ನೋಡಿದೆವು.

ಹೀಗೆ ಆ ವರ್ಷವಿಡೀ ನಡೆಯಿತು. ಅಮ್ಮ ಕಿಟಕಿಗೆ ಬೆನ್ನು ಕೊಟ್ಟು, ಎಡಗೈ ಎತ್ತಿ ಪರದೆ ಹಿಡಿದು ನಿಲ್ಲುತ್ತಿದ್ದಳು, ಆಮೇಲಾಮೇಲೆ ಸೋಫಾದ ಹಿಡಿಕೆಗೆ ಸೊಂಟ ಆನಿಸಿ. ನಾನು ಅಪ್ಪ ನಿಲ್ಲುತ್ತಿದ್ದಲ್ಲೇ, ಬೀರುವಿಗೆ ಬೆನ್ನು ತಾಗಿಸಿ ನಿಲ್ಲುತ್ತಿದ್ದೆ. ತಿರುಗಣೆ ಪಿ ಮೇಲೆ. ಅಪ್ಪ ಆ ಹೊತ್ತಿಗೆ ಕೋಣೆಯೊಳಗೆ ಬರುತ್ತಿರಲಿಲ್ಲ, ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ನಾನು ಮಾತ್ರ ಪ್ರತಿ ಸಲವೂ ಮೊದಲು ಜೂಮ್ ತಿರುಗಿಸುತ್ತಿದ್ದೆ. ಅಮ್ಮನ ಮುಖ ಕ್ಯಾಮೆರಾದ ಗಾಜಿನ ತುಂಬ ಬರುತ್ತಿತ್ತು. ಹತ್ತಿರದಿಂದ ಅದು ಕಪ್ಪಲ್ಲ. ಅಲ್ಲಿ ಎಲ್ಲವೂ ಕಾಣುತ್ತಿತ್ತು. ನಾನು ನೋಡುವಷ್ಟು ನೋಡುತ್ತಿದ್ದೆ. ಬರಿಯ ಕಣ್ಣಲ್ಲಿ ಅವಳನ್ನು ಹಾಗೆ ದಿಟ್ಟಿಸಿ ನೋಡಲು ನನಗೆ ಧೈರ್ಯವಿರಲಿಲ್ಲ, ಅವಳೂ ಬಿಡುತ್ತಿರಲಿಲ್ಲ, ಏನ ನೋಡತೀ ಹೋಗು ಅನ್ನುತ್ತಿದ್ದಳು. ಕ್ಯಾಮೆರಾ ಹಿಡಿದಾಗ ಮಾತ್ರ ಸುಮ್ಮನೆ ನಿಲ್ಲುತ್ತಿದ್ದಳು. ಅವಳಿಗೆ ಗೊತ್ತಿತ್ತು. ಲೆನ್ಸ್ ಉದ್ದವಾಗುವುದು ಎದುರಿಗಿದ್ದವರಿಗೆ ಕಾಣುತ್ತದೆ. ಅದು ಮತ್ತೆ ಗಿಡ್ಡವಾಗಿ ಫೋಟೋ ಮುಗಿಯುವವರೆಗೆ ಅವಳು ಪರದೆಯ ಕೈ ಇಳಿಸುತ್ತಿರಲಿಲ್ಲ, ಆ ಕೈ ನಡುಗುತ್ತಿದ್ದರೂ. ಆಮೇಲೆ ನಾನು ಅಗಲಕ್ಕೆ ತಿರುಗಿಸಿ, ಯಾವ ಗುಂಡಿಯನ್ನೂ ಹಿಡಿಯದೆ, ಕ್ಲಿಕ್ ಮಾಡುತ್ತಿದ್ದೆ. ಅಂಗಡಿಯಿಂದ ಫೋಟೋ ಸ್ಟಿಕರಿನೊಂದಿಗೆ ಬರುತ್ತಿತ್ತು. ಅಪ್ಪ ಈಗ ಗೊಣಗುತ್ತಿರಲಿಲ್ಲ, ಹೇರ್ ಡ್ರೈಯರಿನ ಬಿಸಿ ಗಾಳಿ ಹಿಡಿದು, ಫೋಟೋಕ್ಕೆ ನೋವಾಗದ ಹಾಗೆ ಅದನ್ನು ಬಿಡಿಸುತ್ತಿದ್ದರು.

ಒಂದೇ ಒಂದು ಸಲ ನಾನು ಕೇಳಿದೆ. ಮಾರ್ಚ್ ತಿಂಗಳ ಬಿಸಿಲು, ಅವಳಿಗೆ ನಿಲ್ಲಲು ಆಗದೆ ಕುರ್ಚಿ ಹಾಕಿದ್ದೆವು.

"ಅಮ್ಮ, ಕೆನ್ ಐ ಟೇಕ್ ಒನ್ ಪ್ರಾಪರ್ಲಿ? ಅಜ್ಜಿಗಲ್ಲ. ಜಸ್ಟ್ ಫಾರ್ ಮಿ."

ಅವಳು ತಲೆ ಅಲ್ಲಾಡಿಸಿದಳು. ಚೌರಿ ಜಾರಿತು, ಸರಿ ಮಾಡಿಕೊಂಡಳು.

"ಬ್ಯಾಡ ಪುಟ್ಟಾ. ಒಮ್ಮೆ ಕಾಗದದ ಮ್ಯಾಲೆ ಬಂತಂದ್ರ ಇದ ಮುಖಾ ಉಳೀತದ. ನೀ ನೋಡೀಯಲ್ಲ, ಸಾಕು."

ಆ ಉತ್ತರ ನನಗೆ ಸಾಕಾಗಲಿಲ್ಲ. ಇವತ್ತಿಗೂ ಸಾಕಾಗಿಲ್ಲ. ಎಷ್ಟು ಸಿಟ್ಟು ಬಂದಿತೆಂದರೆ ಕ್ಯಾಮೆರಾವನ್ನು ಸೋಫಾದ ಮೇಲೆ ಎಸೆದು ಮೇಲೆ ಹೋಗಿ ಬಾಗಿಲು ಹಾಕಿಕೊಂಡೆ. ಸಂಜೆ ಅವಳೇ ಮೆಟ್ಟಿಲು ಹತ್ತಿ ಬಂದಳು, ಅಷ್ಟೂ ಮೆಟ್ಟಿಲು, ಗೋಡೆ ಹಿಡಿದುಕೊಂಡು. ಬಾಗಿಲ ಹೊರಗೆ ನಿಂತು, ಶಾಲೂ, ಶೇಂಗಾ ಚಟ್ನಿ ಹಚ್ಚಿ ರೊಟ್ಟಿ ತಂದೀನಿ ಅಂದಳು. ಬಾಗಿಲು ತೆಗೆದೆ. ಇಬ್ಬರೂ ಮಂಚದ ಮೇಲೆ ಕೂತೆವು, ನಾನು ತಿಂದೆ, ಅವಳು ನೋಡಿದಳು. ಮೇ ತಿಂಗಳಲ್ಲಿ ಅವಳು ಹೋದಳು.

ಅಜ್ಜಿಗೆ ವಿಷಯ ಮುಟ್ಟಿಸಿದ್ದು ಅವಳ ಜೊತೆಗಿದ್ದ ನನ್ನ ಸೋದರಮಾವ. ಎದೆ ಹಿಡಿದುಕೊಂಡು ಬೀಳುತ್ತಾಳೆ ಎಂದು ಡಾಕ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರಂತೆ. ಅವಳು ಬೀಳಲಿಲ್ಲ. ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕುತ್ತಿದ್ದವಳು, ಹಾಕಿ ಮುಗಿಸಿ, ಶಾಲೂ ಎಲ್ಲೆ ಇದ್ದಾಳ ಅಂತ ಕೇಳಿದಳಂತೆ. ಅಪ್ಪ ಮತ್ತು ನಾನು ಅಸ್ಥಿ ತೆಗೆದುಕೊಂಡು ಧಾರವಾಡಕ್ಕೆ ಹೋದೆವು. ದಾರಿಯುದ್ದಕ್ಕೂ ಅಪ್ಪನಿಗೆ ಒಂದೇ ಚಿಂತೆ, ಅವರ ಮುಖ ಹೇಗೆ ನೋಡಲಿ ಅಂತ. ಮಾಳಮಡ್ಡಿಯ ಮನೆಯಲ್ಲಿ ನಡುಮನೆಯ ಗೋಡೆಯ ಮೇಲೆ ನಾನು ದೀಪಾವಳಿಗೆ ತೆಗೆದ ಆ ಫೋಟೋಕ್ಕೆ ಹಾರ ಹಾಕಿದ್ದರು. ನೇರಳೆ ಸೀರೆ, ಹಿಂದೆ ಸುಟ್ಟು ಬೆಳ್ಳಗಾದ ಕಿಟಕಿ, ಮುಂದೆ ಅಮ್ಮನ ಮುಖ. ಅಪ್ಪ ಅಜ್ಜಿಯ ಕಾಲು ಹಿಡಿದು ಅತ್ತರು, ತಪ್ಪಾತು, ಹೇಳಬೇಕಾಗಿತ್ತು ಅಂತ. ಅಜ್ಜಿ ಅವರ ತಲೆ ಮುಟ್ಟಿ, ಏಳ್ರಿ, ಕೈಕಾಲು ತೊಳಕೋರಿ, ಚಹಾ ಮಾಡತಾರ ಅಂದಳು.

ಮರುದಿನ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಅಜ್ಜಿ ನನ್ನನ್ನು ಕರೆದಳು. ಹಾಸಿಗೆಯ ಮೇಲೆ ಆ ವರ್ಷ ನಾವು ಕಳಿಸಿದ ಕಪ್ಪು ಫೋಟೋಗಳನ್ನೆಲ್ಲ ಒಂದರ ಪಕ್ಕ ಒಂದು ಇಟ್ಟಿದ್ದಳು. ಅದೇ ಕಿಟಕಿ, ಅದೇ ಪರದೆ, ಅದೇ ಎತ್ತಿದ ಕೈ, ಅದೇ ಜಡೆ. ಅಜ್ಜಿ ಬೆರಳಿನಿಂದ ಎತ್ತಿದ ಕೈಯನ್ನೇ ತೋರಿಸುತ್ತ ಹೋದಳು. ಮೊದಲ ಫೋಟೋದಲ್ಲಿ ಬಳೆಗಳು ಮಣಿಕಟ್ಟಿನಿಂದ ಕೊಂಚ ಇಳಿದಿದ್ದವು. ಆಮೇಲಿನದರಲ್ಲಿ ಮುಂಗೈಯ ನಡುವೆ. ಕೊನೆಯದರಲ್ಲಿ ಎಲ್ಲವೂ ಜಾರಿ ಬಂದು ಮೊಣಕೈಯಲ್ಲಿ ಗುಂಪಾಗಿ ನಿಂತಿದ್ದವು. ಬೆಳಕಿನ ಎದುರಿಗೆ ಒಂದೊಂದು ಬಳೆಯ ಗೆರೆಯೂ ಸ್ಪಷ್ಟ, ಒಳಗೆ ಕಡ್ಡಿಯಂಥ ತೋಳು. ಜಡೆಗೆ ಅಷ್ಟೆಲ್ಲ ಒದ್ದಾಡಿದವರು ನಾವು, ಬಳೆ ಸಡಿಲಾದದ್ದು ಫೋಟೋದಲ್ಲೂ ಕಂಡೀತೆಂದು ನಮಗೆ ಹೊಳೆದೇ ಇರಲಿಲ್ಲ.

"ಈ ಬಳಿ ನಾನ ಕಳಿಸಿದ್ದು," ಅಂದಳು ಅಜ್ಜಿ. "ಅಕಿ ಕೈ ಅಳತಿ ನನಗ ಗೊತ್ತಿಲ್ಲೇನು? ಮತ್ತ ನಿನಗ ಮುಖಾ ತಗೀಲಿಕ್ಕೆ ಬರತದ, ಆ ಗ್ವಾಡಿ ಮ್ಯಾಲಿನ ಫೋಟೋ ನೀನ ತಗದೀ. ಮುಖಾ ತಗೀಲಿಕ್ಕೆ ಬರಾಕಿ ಅದನ್ನ ಒಮ್ಮಿಂದೊಮ್ಮೆ ಯಾಕ ಬಿಟ್ಟಳು, ಅಂತ ಕೂತು ವಿಚಾರ ಮಾಡಿದೆ."

ಅಂದರೆ ಅಜ್ಜಿಗೆ ಗೊತ್ತಿತ್ತು! ಇಡೀ ವರ್ಷ ಗೊತ್ತಿತ್ತು! ಹಾಗಿದ್ದರೆ ಆ ಚೌರಿ, ಆ ಸ್ವೆಟರ್, ನಡುಗುವ ಆ ಕೈ, ಎಲ್ಲ ಯಾರಿಗಾಗಿ? ನನಗೆ ಗೊತ್ತಿದ್ದ ಅಷ್ಟಿಷ್ಟು ಕನ್ನಡದಲ್ಲಿ ಕಿರುಚಿದೆ.

"ಯಾಕ ಕೇಳಲಿಲ್ಲ ಅಜ್ಜಿ? ಫೋನ್‌ನಾಗ ಯಾಕ ಕೇಳಲಿಲ್ಲ?"

"ನನಗ ತಿಳಿದಿಲ್ಲಂತ ಅಕಿಗೆ ಸಮಾಧಾನ ಇತ್ತಲ್ಲ ತಂಗಿ. ಅದೊಂದ ಸಮಾಧಾನ ಇತ್ತು ಅಕಿಗೆ. ಕೇಳಿ ಅದನ್ನೂ ಕಸಗೊಳ್ಳಲೇನು?"

ಆಮೇಲೆ ಅವಳು ಅತ್ತಳು. ಸದ್ದಿಲ್ಲದೆ, ಫೋಟೋಗಳ ಮೇಲೆ ನೀರು ಬೀಳದ ಹಾಗೆ ಮುಖ ಆಚೆ ತಿರುಗಿಸಿಕೊಂಡು. ತಾಯಿ ಮಗಳು ಇಬ್ಬರೂ ಒಬ್ಬರನ್ನೊಬ್ಬರು ನೋವಿನಿಂದ ಕಾಯುತ್ತ ಕಾಯುತ್ತ, ಆಡಬೇಕಾದ ಒಂದು ಮಾತನ್ನೂ ಆಡದೆ ಹೋದರು. ಇದನ್ನು ಪ್ರೀತಿ ಅನ್ನುವವರು ಅನ್ನಲಿ, ನಾನೂ ಎಷ್ಟೋ ಸಲ ಹಾಗೇ ಅಂದುಕೊಂಡಿದ್ದೇನೆ. ಆದರೆ ಆ ಮಧ್ಯಾಹ್ನ ನನಗೆ ಅದು ಬರೀ ದಂಡ ಅನ್ನಿಸಿತ್ತು, ಕೆಲವು ದಿನ ಈಗಲೂ ಅನ್ನಿಸುತ್ತದೆ.

ಸ್ವಲ್ಪ ಹೊತ್ತಿನ ಮೇಲೆ ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು. ಕೊನೆಯ ಫೋಟೋವನ್ನು ಎತ್ತಿ, ಬೆರಳನ್ನು ಬಳೆಯ ಮೇಲಲ್ಲ, ಮುಖ ಇರಬೇಕಾದ ಕಪ್ಪಿನ ಮೇಲೆ ಇಟ್ಟಳು.

"ಕೈ ನನಗ ಕಾಣಿಸ್ತು. ಇದು ಕಾಣಲಿಲ್ಲ," ಅಂದಳು. "ನೀ ನೋಡೀಯಲ್ಲ. ಹೆಂಗಿತ್ತು ಹೇಳು."

ನೀ ನೋಡೀಯಲ್ಲ. ಅಮ್ಮ ಆಡಿದ್ದ ಅದೇ ಮಾತು. ನನ್ನ ಬಾಯಿಗೆ ಬಂದದ್ದೆಲ್ಲ ಇಂಗ್ಲಿಷ್. ಎಲ್ಲ ಶಬ್ದಗಳೂ ಇದ್ದವು, ಒಂದೂ ಕೆಲಸಕ್ಕೆ ಬರುವಂತಿರಲಿಲ್ಲ. ಹೂಂ ಅಜ್ಜಿ, ಊಟ ಆತು ಅಜ್ಜಿ ಬಿಟ್ಟು ಆ ದಿನದವರೆಗೆ ಅವಳೊಂದಿಗೆ ನಾನು ಏನನ್ನೂ ಮಾತಾಡಿರಲಿಲ್ಲ. ಕಣ್ಣು ಮುಚ್ಚಿದೆ, ಬೀರುವಿಗೆ ಬೆನ್ನು ತಾಗಿಸಿ ನಿಂತಿದ್ದೆನಲ್ಲ, ಹಾಗೆ ಹಿಂದಿನ ಗೋಡೆಗೆ ಬೆನ್ನು ಕೊಟ್ಟೆ. ಮನಸ್ಸಿನಲ್ಲೇ ಲೆನ್ಸ್ ತಿರುಗಿಸಿದೆ. ಅಮ್ಮ ಬಂದಳು. ನಾನು ಹಣೆಯಿಂದ ಶುರುಮಾಡಿದೆ.

"ಹುಬ್ಬು ಇರಲಿಲ್ಲ ಅಜ್ಜಿ. ನಡುವ ಆ ಗಾಯದ ಗೀರು ಇತ್ತಲ್ಲ, ಅದು ಇತ್ತು. ಹುಬ್ಬು ಇಲ್ಲದ್ದಕ್ಕ ಅದು ಉದ್ದ ಕಾಣತಿತ್ತು."

"ಸಣ್ಣಾಕಿದ್ದಾಗ ಹೊಸ್ತಲಕ್ಕ ಬಿದ್ದಿದ್ದಳು," ಅಂದಳು ಅಜ್ಜಿ. "ಹೂಂ. ಮುಂದ ಹೇಳು."

"ಮೂಗುತಿ ಇತ್ತು. ತಗೀಲಿಲ್ಲ. ಗಲ್ಲ…" ಗಲ್ಲ ಒಳಗೆ ಹೋಗಿತ್ತು ಅನ್ನಲು ನನಗೆ ಮಾತು ಸಿಗದೆ, ನನ್ನ ಕೆನ್ನೆಯನ್ನೇ ಒಳಕ್ಕೆ ಎಳೆದು ತೋರಿಸಿದೆ. ಅಜ್ಜಿ ಕೈ ಚಾಚಿ ನನ್ನ ಕೆನ್ನೆಯ ಆ ತಗ್ಗನ್ನು ಮುಟ್ಟಿ ನೋಡಿದಳು, ಬಹಳ ಹೊತ್ತು, ಎರಡೂ ಕಡೆ.

"ಇಷ್ಟು?" ಅಂದಳು.

"ಇಷ್ಟು," ಅಂದೆ.